ದಿನಕ್ಕೆ ಐದು ಶಬ್ದ, ವರ್ಷಕ್ಕೆ ಒಂದು ಸಾವಿರ

'ಕನ್ನಡ ಶಾಲೆಗೆ ಸೇರಿಸಿದರೆ ನಮ್ಮ ಮಗುವಿಗೆ ಇಂಗ್ಲಿಷು ಬಂದೀತೇ?' ಎಂದು ಕೇಳದ ಹೆತ್ತವರು ಇಂದು ಗಡಿನಾಡಿನಲ್ಲಿ ವಿರಳ. ಕುಂಬಳೆಯಲ್ಲಾಗಲಿ, ಬದಿಯಡ್ಕದಲ್ಲಾಗಲಿ, ಮಂಜೇಶ್ವರದಲ್ಲಾಗಲಿ, ಜೂನ್ ತಿಂಗಳು ಹತ್ತಿರ ಬಂತೆಂದರೆ ಈ ಪ್ರಶ್ನೆ ಮನೆಮನೆಯ ಜಗಲಿಯಲ್ಲಿ ಏಳುತ್ತದೆ. ಇದೇ ಪ್ರಶ್ನೆ ನೂರಾರು ಮೈಲು ದೂರದಲ್ಲಿರುವ, ಆಂಧ್ರಕ್ಕೆ ಸೇರಿದ ಗುಡಿಬಂಡೆಯ ಹಳ್ಳಿಗಳಲ್ಲೂ ಏಳುತ್ತದೆ. ಅಲ್ಲಿನ ಕನ್ನಡ ಮಾಧ್ಯಮದ ತರಗತಿಗಳಲ್ಲಿ ಪಾಠ ಹೇಳುವ ನಾವು ಕಾಸರಗೋಡಿನ ಬಂಧುಗಳೊಡನೆ ಈ ವಿಷಯವಾಗಿ ನಾಲ್ಕು ಮಾತು ಹಂಚಿಕೊಳ್ಳಬಯಸುತ್ತೇವೆ. ಕಷ್ಟ ಇಬ್ಬರದೂ ಒಂದೇ. ಹಾಗಿರುವಾಗ ಉಪಾಯವೂ ಒಂದೇ ಆದೀತೆಂಬುದು ನಮ್ಮ ನಂಬಿಕೆ.

ಗುಡಿಬಂಡೆ ಎಂದೊಡನೆ ಹಲವರಿಗೆ ಕರ್ನಾಟಕದ ಚಿಕ್ಕಬಳ್ಳಾಪುರ ಜಿಲ್ಲೆಯ ತಾಲ್ಲೂಕು ನೆನಪಾಗಬಹುದು. ನಾವು ಹೇಳುವುದು ಅದನ್ನಲ್ಲ. ಮಡಕಶಿರಾ ಸೀಮೆಯಲ್ಲಿ ಮಡಕಶಿರಾ, ಗುಡಿಬಂಡೆ, ರೊಳ್ಳ, ಅಗಳಿ, ಅಮರಾಪುರ ಎಂಬ ಐದು ಮಂಡಲಗಳಿವೆ. ಅವುಗಳಲ್ಲೊಂದು ಈ ಗುಡಿಬಂಡೆ. ಒಂದು ಕಡೆ ಸಿರಾ, ಇನ್ನೊಂದು ಕಡೆ ಪಾವಗಡ, ಹೀಗೆ ಕರ್ನಾಟಕದ ನೆಲ ಸುತ್ತುವರಿದ ಪ್ರದೇಶವಿದು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಅಮರಾಪುರ ಮಂಡಲದಲ್ಲೇ ಇದೆ. ಅಲ್ಲಿನ ಕಲ್ಲುಗಳ ಮೇಲೆ ಕನ್ನಡ ಶಾಸನಗಳಿವೆ. ಮನೆಯ ಮಾತು ಕನ್ನಡ, ಕಚೇರಿಯ ಮಾತು ತೆಲುಗು. 2022ರ ಏಪ್ರಿಲ್ 4ರವರೆಗೆ ಅನಂತಪುರ ಜಿಲ್ಲೆಯಲ್ಲಿದ್ದ ಈ ಸೀಮೆ ಅಂದಿನಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ನೆರೆಯ ರಾಯದುರ್ಗವು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಹೋಯಿತು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ಅದಕ್ಕೆ ಮುಂಚೆ ನಾವೂ ನೀವೂ ಒಂದೇ ಮದರಾಸು ಪ್ರಾಂತ್ಯದ ಪ್ರಜೆಗಳಾಗಿದ್ದೆವು.

ಕೊರತೆ ಇರುವುದು ಎಲ್ಲಿ?

ಮಕ್ಕಳ ಇಂಗ್ಲಿಷ್ ಸೋಲಿಗೆ ಎಲ್ಲರೂ ಮೊದಲು ದೂರುವುದು ಮಾಧ್ಯಮವನ್ನು. ತರಗತಿಯಲ್ಲಿ ನಿಂತು ನೋಡುವ ನಮಗೆ ಕಾಣುವುದು ಬೇರೆಯೇ. ಹತ್ತನೆಯ ತರಗತಿಯ ಒಬ್ಬ ಹುಡುಗನಿಗೆ ಇಂಗ್ಲಿಷಿನ ಒಂದು ಪುಟ ಕೊಟ್ಟು ಓದಿಸಿ. ಅವನು ಅಕ್ಷರ ಗುರುತಿಸುತ್ತಾನೆ, ನಿಧಾನವಾಗಿ ಓದಿಯೂ ಓದುತ್ತಾನೆ. 'ಏನು ಹೇಳಿದೆಯಪ್ಪಾ ಇದರಲ್ಲಿ?' ಎಂದರೆ ಸುಮ್ಮನಾಗುತ್ತಾನೆ. ಒಂದು ಸಾಲಿನಲ್ಲಿ ಹತ್ತು ಶಬ್ದಗಳಿದ್ದರೆ ನಾಲ್ಕು ಅವನಿಗೆ ಅಪರಿಚಿತ. ನಾಲ್ಕು ಹಲಗೆ ಕಿತ್ತುಹೋದ ಸಂಕದ ಮೇಲೆ ಯಾರು ತಾನೆ ದಾಟಬಲ್ಲರು? ವ್ಯಾಕರಣ ಬರುವುದಿಲ್ಲವೆಂದು ನಾವು ಅವನನ್ನು ಗದರಿಸುತ್ತೇವೆ. ನಿಜಕ್ಕೂ ಅವನಲ್ಲಿ ಇಲ್ಲದಿರುವುದು ಶಬ್ದಗಳು.

ಶಬ್ದವೆಂಬುದು ಮಾಧ್ಯಮ ಬದಲಿಸಿದ ಮಾತ್ರಕ್ಕೆ ಬಂದು ಸೇರುವ ವಸ್ತುವಲ್ಲ. ದುಬಾರಿ ಶುಲ್ಕ ತೆತ್ತು ಇಂಗ್ಲಿಷ್ ಮಾಧ್ಯಮಕ್ಕೆ ಹೋದ ಮಕ್ಕಳಲ್ಲೂ ಅರ್ಥವರಿಯದೆ ಉತ್ತರಗಳನ್ನು ಬಾಯಿಪಾಠ ಮಾಡುವವರು ಬೇಕಾದಷ್ಟು ಮಂದಿ ಇದ್ದಾರೆ. ಶಬ್ದ ಸೇರುವುದು ಅಭ್ಯಾಸದಿಂದ. ಅದೂ ಪರೀಕ್ಷೆಯ ಮುಂಚಿನ ಹದಿನೈದು ದಿನಗಳ ಅಭ್ಯಾಸದಿಂದಲ್ಲ, ಪ್ರತಿದಿನದ ಕಾಲು ಗಂಟೆಯ ಅಭ್ಯಾಸದಿಂದ. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆಯನ್ನು, ಮಳೆ ಕಡಿಮೆಯಾದ ನಮ್ಮ ಅನಂತಪುರದ ಕಡೆಯವರಿಗಿಂತ ಚೆನ್ನಾಗಿ ಬಲ್ಲವರು ಯಾರು?

ಮನೆಯಲ್ಲೇ ಇರುವ ಮೊದಲ ಗಂಟು

ಮಗುವಿಗೆ ಇಂಗ್ಲಿಷ್ ಏನೂ ಗೊತ್ತಿಲ್ಲ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಗುಡಿಬಂಡೆಯ ರೈತನ ಮಗ ಇಂಗ್ಲಿಷ್ ಪುಸ್ತಕ ತೆರೆಯುವ ಮುಂಚೆಯೇ ಬೋರ್‌ವೆಲ್ಲು, ಮೋಟಾರು, ಸ್ಟಾರ್ಟರು, ಫ್ಯೂಸು, ವೋಲ್ಟೇಜು, ಪೈಪು, ಡ್ರಿಪ್ಪು, ಗೇಟ್‌ವಾಲು ಎಲ್ಲವನ್ನೂ ಬಲ್ಲ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವವರ ಮನೆಯ ಹುಡುಗಿಗೆ ಕಟಿಂಗು, ಸ್ಟಿಚಿಂಗು, ಬಟನ್ನು, ಜಿಪ್ಪು, ಪಾಕೆಟ್ಟು, ಲೇಬಲ್ಲು, ಸೈಜು, ಪೀಸು ಎಂದರೆ ವಿವರಿಸಿ ಹೇಳಬೇಕಾಗಿಲ್ಲ. ಅಡಿಗೆಮನೆಯಲ್ಲಿ ಗ್ಯಾಸು, ಸ್ಟೌವು, ಕುಕ್ಕರು, ಮಿಕ್ಸಿ, ಪ್ಲೇಟು. ಪೆಟ್ಟಿಗೆಯ ಕಾಗದಗಳಲ್ಲಿ ರೇಷನ್ ಕಾರ್ಡು, ಪಾಸ್‌ಬುಕ್ಕು, ಅಕೌಂಟು, ಲೋನು, ಇನ್‌ಶೂರೆನ್ಸು, ಪೆನ್ಷನ್ನು. ಇಂಗ್ಲಿಷ್ ಕಲಿಯದ ಅಜ್ಜಿಯೊಬ್ಬರು ದಿನವಿಡೀ ಆಡುವ ಮಾತನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟರೂ ನೂರು ಇಂಗ್ಲಿಷ್ ಶಬ್ದ ಸಿಕ್ಕೀತು.

ಆದ್ದರಿಂದ ಮೊದಲನೆಯ ತಿಂಗಳು ಹೊಸ ಶಬ್ದವೇ ಬೇಡ. ಮನೆಯವರು ಆಡುವ ಇಂಗ್ಲಿಷ್ ಶಬ್ದಗಳನ್ನು ಮಗು ದಿನಕ್ಕೆ ಐದರಂತೆ ಪಟ್ಟಿ ಮಾಡಲಿ. ಅವುಗಳ ಸ್ಪೆಲ್ಲಿಂಗನ್ನು ಉಪಾಧ್ಯಾಯರಿಂದಲೋ ಶಬ್ದಕೋಶದಿಂದಲೋ ತಿಳಿದು ಬರೆಯಲಿ. ನಾವು ಇಂಗ್ಲಿಷ್ ಶಬ್ದಗಳನ್ನು ನಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಕೊನೆಗೊಂದು ಉಕಾರ ಸೇರಿಸುತ್ತೇವೆ, 'ಬಸ್' ಎಂಬುದು ಬಸ್ಸಾಗುತ್ತದೆ, 'ರೋಡ್' ಎಂಬುದು ರೋಡಾಗುತ್ತದೆ. 'ಸ್ಕೂಲ್' ಎಂಬುದಕ್ಕೆ ಮುಂದೆ ಇಕಾರ ಹಚ್ಚಿ ಇಸ್ಕೂಲೆನ್ನುವ ಹಿರಿಯರೂ ಇದ್ದಾರೆ. ಇದು ಅಜ್ಞಾನವಲ್ಲ, ಕನ್ನಡದ ಜಾಯಮಾನ. ಆ ಉಕಾರವನ್ನು ಕಳಚಿದರೆ ಇಂಗ್ಲಿಷ್ ಶಬ್ದ ತನ್ನ ರೂಪದಲ್ಲಿ ನಿಲ್ಲುತ್ತದೆ ಎಂದು ಮಗುವಿಗೆ ತೋರಿಸಿಕೊಟ್ಟರೆ, 'ಇಷ್ಟೊಂದು ನನಗೆ ಆಗಲೇ ಗೊತ್ತಿತ್ತೇ!' ಎಂಬ ಧೈರ್ಯ ಹುಟ್ಟುತ್ತದೆ. ಕಲಿಕೆಗೆ ಆ ಧೈರ್ಯವೇ ಬಂಡವಾಳ.

ಇನ್ನೊಂದು ಸಂಗತಿಯನ್ನೂ ಮಕ್ಕಳಿಗೆ ಹೇಳಬೇಕು. ಸಾಲ ಕೊಟ್ಟವರು ಇಂಗ್ಲಿಷಿನವರು ಮಾತ್ರ ಅಲ್ಲ. ಅಡಿಕೆಗೆ ಇಂಗ್ಲಿಷಿನವರು 'ಅರೆಕಾ' ಎನ್ನುತ್ತಾರಲ್ಲ, ಅದು ಮಲಯಾಳದ 'ಅಡಕ್ಕ'ದಿಂದ ಪೋರ್ಚುಗೀಸರ ಬಾಯಿ ಹಾದು ಹೋದ ಶಬ್ದ. ನಮ್ಮ ಅಡಿಕೆಯೂ ಅದರ ಒಡಹುಟ್ಟು. 'ಕಾಯರ್' ಎಂಬ ತೆಂಗಿನ ನಾರು, 'ಕೊಪ್ರಾ' ಎಂಬ ಕೊಬ್ಬರಿ, 'ಟೀಕ್' ಎಂಬ ತೇಗ ಇವೆಲ್ಲ ಮಲಯಾಳದಿಂದ ಹೊರಟವು. ದೊಡ್ಡ ಹೆಗ್ಗಣಕ್ಕೆ 'ಬ್ಯಾಂಡಿಕೂಟ್' ಎಂದು ಹೆಸರಿಟ್ಟದ್ದು ತೆಲುಗಿನ 'ಪಂದಿಕೊಕ್ಕು' ಎಂಬುದರಿಂದ. ಕಾಸರಗೋಡಿನ ಮಗುವಿನ ಸುತ್ತಲಿರುವ ಮಲಯಾಳವೂ ಗುಡಿಬಂಡೆಯ ಮಗುವಿನ ಸುತ್ತಲಿರುವ ತೆಲುಗೂ ಇಂಗ್ಲಿಷಿನೊಳಗೆ ಮೊದಲೇ ಹೋಗಿ ಕುಳಿತಿವೆ. ಎರಡು ಮೂರು ಭಾಷೆಗಳ ನಡುವೆ ಬೆಳೆಯುವುದು ಹೊರೆಯೆಂದು ಕೊರಗುವ ಬದಲು ಅದು ಮಗುವಿಗೆ ಸಿಕ್ಕಿದ ಅನುಕೂಲವೆಂದು ತಿಳಿಯಬೇಕು.

ಎಷ್ಟು ಶಬ್ದ ಸಾಕು?

ಇಂಗ್ಲಿಷಿನಲ್ಲಿ ಲಕ್ಷಗಟ್ಟಲೆ ಶಬ್ದಗಳಿವೆಯೆಂದು ಕೇಳಿ ಮಕ್ಕಳು ಎದೆಗುಂದುತ್ತಾರೆ. ಈ ಭಯವನ್ನು ಕಳೆಯುವ ಕೆಲಸ ಮಾಡಿದವರಲ್ಲಿ ಮೈಕೆಲ್ ವೆಸ್ಟ್ ಎಂಬ ಆಂಗ್ಲ ಶಿಕ್ಷಣಜ್ಞರು ಮುಖ್ಯರು. ಬ್ರಿಟಿಷರ ಕಾಲದಲ್ಲಿ ಅವರು ಬಂಗಾಳದ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದರು. ಅಲ್ಲಿನ ಬಂಗಾಳಿ ಹುಡುಗರು ಇಂಗ್ಲಿಷ್ ಪುಸ್ತಕಗಳಲ್ಲಿ ಎಡವುವುದು ಅಪರೂಪದ ಕಠಿನ ಶಬ್ದಗಳ ದೆಸೆಯಿಂದ ಎಂಬುದನ್ನು ಕಂಡುಕೊಂಡು, ಹೆಚ್ಚು ಬಳಕೆಯ ಶಬ್ದಗಳನ್ನು ಮೊದಲು ಕಲಿಸುವ ಪಾಠಮಾಲೆಯನ್ನು ರಚಿಸಿದರು. 1953ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ಇರುವುದು ಸುಮಾರು 2000 ಮೂಲ ಶಬ್ದಗಳು ಮಾತ್ರ. ಸಾಮಾನ್ಯ ಬರವಣಿಗೆಯ ಯಾವುದೇ ಪುಟದಲ್ಲಿ ನೂರಕ್ಕೆ ಸುಮಾರು ಎಂಬತ್ತು ಶಬ್ದಗಳು ಈ ಪಟ್ಟಿಯೊಳಗಿನವೇ ಆಗಿರುತ್ತವೆ.

ಈಗ ಲೆಕ್ಕ ಹಾಕೋಣ. ದಿನಕ್ಕೆ ಐದು ಶಬ್ದ, ವರ್ಷದಲ್ಲಿ 200 ದಿನ; ಒಂದು ಸಾವಿರ ಶಬ್ದ. ಆರನೆಯ ತರಗತಿಯಿಂದ ಹತ್ತನೆಯ ತರಗತಿಯ ತನಕ ಐದು ವರ್ಷ. ಐದು ಸಾವಿರ ಶಬ್ದ. ಅರ್ಧಕ್ಕರ್ಧ ಮರೆತುಹೋಯಿತು ಎಂದುಕೊಂಡರೂ 2500 ಉಳಿಯಿತು. ವೆಸ್ಟರ ಪಟ್ಟಿಗಿಂತ ಐನೂರು ಹೆಚ್ಚೇ ಆಯಿತಲ್ಲವೆ? ದಿನಕ್ಕೆ ಇಪ್ಪತ್ತು ಬರೆಸುವ ಹುಮ್ಮಸ್ಸು ಕೆಲವು ತಂದೆತಾಯಿಗಳಿಗೆ ಇರುತ್ತದೆ. ಅದು ನಾಲ್ಕು ದಿನ ನಡೆದು ಐದನೆಯ ದಿನ ನಿಲ್ಲುತ್ತದೆ. ನಿಲ್ಲದೆ ನಡೆಯುವ ಐದೇ ಮೇಲು.

ಮರೆವಿಗೆ ಮದ್ದು

ಕಲಿತದ್ದು ಮರೆತುಹೋಗುವುದು ದಡ್ಡತನದ ಗುರುತಲ್ಲ, ಮನುಷ್ಯರೆಲ್ಲರ ಸ್ವಭಾವ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ಎಂಬ ಮನಶ್ಶಾಸ್ತ್ರಜ್ಞರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲಿ, ಮೊದಲ ದಿನದಲ್ಲಿ ಬಹಳ ವೇಗವಾಗಿ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಅವರು ಕಂಡ ಇನ್ನೊಂದು ಸಂಗತಿ ನಮ್ಮ ಮಕ್ಕಳಿಗೆ ಬಹಳ ಉಪಯುಕ್ತವಾದದ್ದು. ಒಂದೇ ದಿನ 68 ಸಲ ಹೇಳಿಕೊಂಡಾಗ ಸಿಕ್ಕ ಫಲ, ಮೂರು ದಿನಗಳಿಗೆ ಹಂಚಿ 38 ಸಲ ಹೇಳಿಕೊಂಡಾಗಲೂ ಸಿಕ್ಕಿತು. ಅಂದರೆ ಹಂಚಿ ಓದಿದವನಿಗೆ ಶ್ರಮ ಹೆಚ್ಚುಕಡಿಮೆ ಅರ್ಧ ಉಳಿಯಿತು.

ನಮ್ಮ ಹಿರಿಯರಿಗೆ ಇದು ಹೊಸತಲ್ಲ. ಮಗ್ಗಿಯನ್ನು ದಿನವೂ ಸಂಜೆ ದೀಪ ಹಚ್ಚಿದ ಮೇಲೆ ಹೇಳಿಸುತ್ತಿದ್ದರು. ಅಮರಕೋಶವನ್ನು ದಿನಕ್ಕೆ ಇಷ್ಟಿಷ್ಟೆಂದು ಒಪ್ಪಿಸುವ ಪದ್ಧತಿಯಿತ್ತು. ನಿನ್ನೆಯದನ್ನು ಒಪ್ಪಿಸದೆ ಇಂದಿನ ಪಾಠವಿಲ್ಲ. ಶಬ್ದಗಳನ್ನು ದಿನದಿನವೂ ಕೂಡಿಡುವ ಸಂಪ್ರದಾಯ ನಮ್ಮದೇ. ಅದನ್ನು ಇಂಗ್ಲಿಷಿಗೂ ಹಚ್ಚಿದರಾಯಿತು.

ಇದಕ್ಕೊಂದು ಸುಲಭ ಸಾಧನವನ್ನು ಸೆಬಾಸ್ಟಿಯನ್ ಲೈಟ್ನರ್ ಎಂಬ ಇನ್ನೊಬ್ಬ ಜರ್ಮನ್ ಬರಹಗಾರರು 1972ರಲ್ಲಿ ಜನಪ್ರಿಯಗೊಳಿಸಿದರು. ಅದಕ್ಕೆ ಬೇಕಾದುದು ಒಂದು ಪೆಟ್ಟಿಗೆ, ಕೆಲವು ಚೀಟಿಗಳು. ಚಪ್ಪಲಿಯ ಹಳೆಯ ರಟ್ಟಿನ ಪೆಟ್ಟಿಗೆ ಸಾಕು. ಅದರಲ್ಲಿ ರಟ್ಟಿನ ತಡಿಕೆಯಿಟ್ಟು ಐದು ಮನೆಗಳನ್ನು ಮಾಡಬೇಕು. ಚೀಟಿಗೆ ದುಡ್ಡು ಕೊಡಬೇಕಾಗಿಲ್ಲ. ಮದುವೆಯ ಆಮಂತ್ರಣ ಪತ್ರಿಕೆಗಳ ಖಾಲಿ ಬೆನ್ನನ್ನು ಕತ್ತರಿಸಿದರೆ ಗಟ್ಟಿಯಾದ ಚೀಟಿಗಳಾಗುತ್ತವೆ. ಚೀಟಿಯ ಒಂದು ಮಗ್ಗುಲಲ್ಲಿ ಕನ್ನಡದ ಅರ್ಥ, ಇನ್ನೊಂದು ಮಗ್ಗುಲಲ್ಲಿ ಇಂಗ್ಲಿಷ್ ಶಬ್ದ, ಅದರ ಕೆಳಗೆ ಆ ಶಬ್ದ ಬರುವ ಒಂದು ಚಿಕ್ಕ ವಾಕ್ಯ.

ಹೊಸ ಚೀಟಿಗಳು ಮೊದಲನೆಯ ಮನೆಗೆ ಹೋಗುತ್ತವೆ. ಈ ಮನೆಯನ್ನು ಪ್ರತಿದಿನ ನೋಡಬೇಕು. ಕನ್ನಡದ ಮಗ್ಗುಲನ್ನು ನೋಡಿ ಇಂಗ್ಲಿಷ್ ಶಬ್ದವನ್ನು ಗಟ್ಟಿಯಾಗಿ ಹೇಳಿ, ಸ್ಪೆಲ್ಲಿಂಗ್ ಬರೆದು, ಆಮೇಲೆ ತಿರುಗಿಸಿ ನೋಡಬೇಕು. ಸರಿಯಾಗಿದ್ದರೆ ಚೀಟಿಗೆ ಎರಡನೆಯ ಮನೆಗೆ ಬಡ್ತಿ. ಎರಡನೆಯ ಮನೆಯನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ತೆರೆದರೆ ಸಾಕು. ಎಲ್ಲಿ ತಪ್ಪಿದರೂ ಆ ಚೀಟಿ ಮರಳಿ ಮೊದಲ ಮನೆಗೆ ಬರುತ್ತದೆ. ಚೌಕಾಬಾರ ಆಡುವ ಮಕ್ಕಳಿಗೆ ಈ ನಿಯಮವನ್ನು ಎರಡು ಸಲ ಹೇಳಬೇಕಾಗಿಲ್ಲ. ಕಾಯಿ ಹೊಡೆಸಿಕೊಂಡರೆ ಮತ್ತೆ ಮೊದಲಿನಿಂದ. ಬರುವ ಶಬ್ದದ ಮೇಲೆ ಹೊತ್ತು ಕಳೆಯದೆ ಬಾರದ ಶಬ್ದವನ್ನೇ ಮತ್ತೆ ಮತ್ತೆ ಎದುರಿಸುವುದು ಇದರ ಗುಟ್ಟು.

ಒಂಟಿ ಶಬ್ದ ಬೇಡ

ಶಬ್ದವೊಂದು, ಅದರ ಅರ್ಥವೊಂದು, ಹೀಗೆ ಎರಡು ಗೆರೆಗಳ ನಡುವೆ ಬರೆಸಿ ಕೈತೊಳೆದುಕೊಂಡರೆ ಪ್ರಯೋಜನ ಅಷ್ಟಕ್ಕಷ್ಟೆ. ಶಬ್ದಗಳಿಗೂ ನೆಂಟರಿಷ್ಟರಿದ್ದಾರೆ. ನಮ್ಮ 'ಹಾಕು' ಎಂಬ ಒಂದೇ ಕ್ರಿಯಾಪದವನ್ನು ನೋಡಿ: ಅಂಗಿ ಹಾಕು, ಬಾಗಿಲು ಹಾಕು, ಬೀಗ ಹಾಕು, ಲೈಟು ಹಾಕು, ರಂಗೋಲಿ ಹಾಕು, ಗೊಬ್ಬರ ಹಾಕು. ಇಂಗ್ಲಿಷಿನಲ್ಲಿ ಅಂಗಿಗೆ 'ವೇರ್', ಬಾಗಿಲಿಗೆ 'ಷಟ್', ಬೀಗಕ್ಕೆ 'ಲಾಕ್', ಲೈಟಿಗೆ 'ಸ್ವಿಚ್ ಆನ್', ರಂಗೋಲಿಗೆ 'ಡ್ರಾ', ಗೊಬ್ಬರಕ್ಕೆ 'ಅಪ್ಲೈ'. 'ಹಾಕು ಎಂದರೆ ಪುಟ್' ಎಂದಷ್ಟೇ ಕಲಿತ ಹುಡುಗ 'ಪುಟ್ ದ ಲೈಟ್' ಎಂದರೆ ತಪ್ಪು ಅವನದಲ್ಲ, ಕಲಿಸಿದ ಕ್ರಮದ್ದು. ಅತ್ತ ಇಂಗ್ಲಿಷಿನ 'ಟೇಕ್' ಎಂಬುದೂ ಹಾಗೆಯೇ. ಬಸ್ಸು ಹತ್ತುವುದು, ಮಾತ್ರೆ ನುಂಗುವುದು, ಫೋಟೋ ತೆಗೆಯುವುದು, ವಿಶ್ರಾಂತಿ ಪಡೆಯುವುದು ನಾಲ್ಕಕ್ಕೂ ಅವರಿಗೆ 'ಟೇಕ್' ಒಂದೇ ಸಾಕು. 'ಮಳೆ ಬರುತ್ತಿದೆ' ಎಂಬುದನ್ನು ಶಬ್ದಕ್ಕೆ ಶಬ್ದವಿಟ್ಟು 'ರೈನ್ ಈಸ್ ಕಮಿಂಗ್' ಎನ್ನುತ್ತೇವೆ. ಅವರು 'ಇಟ್ ಈಸ್ ರೈನಿಂಗ್' ಎನ್ನುತ್ತಾರೆ. ಆದ್ದರಿಂದಲೇ ಚೀಟಿಯಲ್ಲಿ ವಾಕ್ಯ ಇರಲೇಬೇಕೆಂದು ನಾವು ಒತ್ತಿ ಹೇಳುವುದು.

ಶಬ್ದದ ಕುಟುಂಬವನ್ನೂ ಒಟ್ಟಿಗೆ ಕಲಿಯಬೇಕು. ಕನ್ನಡದಲ್ಲಿ ಓದು, ಓದುಗ, ಕೇಳು, ಕೇಳುಗ ಇರುವಂತೆ ಇಂಗ್ಲಿಷಿನಲ್ಲಿ ಟೀಚ್, ಟೀಚರ್, ಡ್ರೈವ್, ಡ್ರೈವರ್, ಫಾರ್ಮ್, ಫಾರ್ಮರ್. ಎಲ್ಲಕ್ಕೂ ಇದೇ ಸೂತ್ರವೆನ್ನುವಂತಿಲ್ಲ. ಅಡಿಗೆ ಮಾಡುವವನು 'ಕುಕ್', ಪಾತ್ರೆ 'ಕುಕ್ಕರ್'. ಇಂಥ ತಮಾಷೆಗಳನ್ನು ಹೇಳಿದರೆ ಮಕ್ಕಳು ಜನ್ಮದಲ್ಲಿ ಮರೆಯುವುದಿಲ್ಲ. ನ್ಯಾಯಕ್ಕೆ ಅಕಾರ ಹಚ್ಚಿದರೆ ಅನ್ಯಾಯವಾದಂತೆ 'ಜಸ್ಟ್' ಎಂಬುದಕ್ಕೆ 'ಅನ್' ಹಚ್ಚಿದರೆ 'ಅನ್‌ಜಸ್ಟ್'. ಸಂಸ್ಕೃತದ ಆ ಅಕಾರವೂ ಇಂಗ್ಲಿಷಿನ ಈ 'ಅನ್' ಎಂಬುದೂ ಒಂದೇ ಮೂಲದಿಂದ ಬಂದವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಒಂದು ಪ್ರತ್ಯಯವನ್ನು ತಿಳಿದರೆ ಹತ್ತಾರು ಶಬ್ದಗಳ ಬಾಗಿಲು ತೆರೆಯುತ್ತದೆ.

ಸ್ಪೆಲ್ಲಿಂಗಿನ ಕಾಟವೊಂದು ಉಳಿಯುತ್ತದೆ. ಆಡಿದಂತೆ ಬರೆಯುವ ಕನ್ನಡದಿಂದ ಹೋದ ಮಗುವಿಗೆ, 'ನೈಫ್' ಎಂದು ಓದುವ ಶಬ್ದ 'ಕೆ' ಅಕ್ಷರದಿಂದ ಆರಂಭವಾಗುವುದು ಅನ್ಯಾಯವಾಗಿಯೇ ಕಾಣುತ್ತದೆ. ಹಿಂದೊಂದು ಕಾಲದಲ್ಲಿ ಇಂಗ್ಲಿಷಿನವರು ಆ ಕಕಾರವನ್ನು ಉಚ್ಚರಿಸುತ್ತಿದ್ದರು. ಬಾಯಿಂದ ಅದು ಬಿದ್ದುಹೋದರೂ ಬರೆಹದಲ್ಲಿ ಉಳಿಯಿತು. ಈ ಕಾರಣವನ್ನು ತಿಳಿಸಿ, ಬರೆಯುವಾಗ ಮನಸ್ಸಿನಲ್ಲಿ 'ಕ್ನೈಫ್' ಎಂದುಕೊಳ್ಳಲು ಹೇಳಿದರೆ ಕೈ ತಪ್ಪುವುದಿಲ್ಲ.

ಕನ್ನಡದ ಪಾಠದಲ್ಲೇ ಇಂಗ್ಲಿಷು

ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾದ ಕಷ್ಟ ಎದುರಾಗುವುದು ಹತ್ತನೆಯ ತರಗತಿ ಮುಗಿದ ಮೇಲೆ. ಅಲ್ಲಿಯ ತನಕ ವಿಜ್ಞಾನ, ಗಣಿತಗಳನ್ನು ಕನ್ನಡದಲ್ಲಿ ಚೆನ್ನಾಗಿ ಕಲಿತ ಹುಡುಗಿ ಮುಂದಿನ ಓದಿನಲ್ಲಿ ಇಂಗ್ಲಿಷ್ ಪುಸ್ತಕವನ್ನು ಕಂಡು ಮೊದಲ ವಾರವೇ ಕಣ್ಣೀರಿಡುತ್ತಾಳೆ. ವಿಷಯ ಅವಳಿಗೆ ಗೊತ್ತು, ಹೆಸರು ಗೊತ್ತಿಲ್ಲ. ಇದನ್ನು ತಪ್ಪಿಸಲು ಎಂಟನೆಯ ತರಗತಿಯಿಂದಲೇ ಪ್ರತಿ ಪಾಠದ ಪಾರಿಭಾಷಿಕ ಶಬ್ದಗಳ ಪಕ್ಕದಲ್ಲಿ ಇಂಗ್ಲಿಷ್ ಶಬ್ದವನ್ನೂ ಬರೆದುಕೊಳ್ಳುವ ಪದ್ಧತಿಯಿರಬೇಕು. ದ್ಯುತಿಸಂಶ್ಲೇಷಣೆಗೆ 'ಫೋಟೋಸಿಂಥೆಸಿಸ್', ಆವಿಯಾಗುವಿಕೆಗೆ 'ಇವಾಪರೇಷನ್', ವೇಗೋತ್ಕರ್ಷಕ್ಕೆ 'ಆಕ್ಸಿಲರೇಷನ್'.

ಇಲ್ಲಿ ಕನ್ನಡದ ಮಗುವಿಗೆ ಒಂದು ಲಾಭವೇ ಇದೆ. 'ಫೋಟೋ' ಎಂದರೆ ಬೆಳಕು, ದ್ಯುತಿ ಎಂದರೂ ಬೆಳಕು. 'ಸಿಂಥೆಸಿಸ್' ಎಂದರೆ ಒಂದುಗೂಡಿಸುವುದು, ಸಂಶ್ಲೇಷಣೆ ಎಂದರೂ ಅದೇ. ಕನ್ನಡದ ಶಬ್ದವನ್ನು ಬಿಡಿಸಿ ತಿಳಿದ ಮಗುವಿಗೆ ಇಂಗ್ಲಿಷ್ ಶಬ್ದ ತಾನಾಗಿ ಬಿಚ್ಚಿಕೊಳ್ಳುತ್ತದೆ. ಅರ್ಥವೆಂಬ ಗೂಟ ಮಾತೃಭಾಷೆಯಲ್ಲಿ ಗಟ್ಟಿಯಾಗಿ ನೆಟ್ಟಿದ್ದರೆ ಅದಕ್ಕೆ ಎಷ್ಟು ಭಾಷೆಗಳ ಹಗ್ಗವನ್ನಾದರೂ ಕಟ್ಟಬಹುದು. ಗೂಟವೇ ಇಲ್ಲದವರು ಹಗ್ಗ ಹಿಡಿದು ಎಲ್ಲಿಗೆ ಹೋಗಬೇಕು?

ಊರೇ ಪುಸ್ತಕ, ಕೋಶವೇ ಗುರು

ಪುಸ್ತಕದ ಹೊರಗೂ ಶಬ್ದಗಳಿವೆ. ಬ್ಯಾಂಕಿನ ಚಲನ್ನು, ಔಷಧದ ಪೊಟ್ಟಣ, ಗೊಬ್ಬರದ ಚೀಲ, ಅಂಗಡಿಯ ಫಲಕ, ಇವೆಲ್ಲ ಖರ್ಚಿಲ್ಲದ ಪಾಠಗಳು. ಕಾಸರಗೋಡಿನಲ್ಲಿ ಹೆದ್ದಾರಿಯ ಬದಿಯಲ್ಲೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಇಂಗ್ಲಿಷ್ ಹೆಸರಿನಲ್ಲೇ 'ಸೆಂಟ್ರಲ್', 'ಪ್ಲಾಂಟೇಶನ್', 'ಕ್ರಾಪ್', 'ರಿಸರ್ಚ್', 'ಇನ್‌ಸ್ಟಿಟ್ಯೂಟ್' ಎಂದು ಒಂದು ದಿನಕ್ಕಾಗುವ ಐದು ಶಬ್ದಗಳಿವೆ. ಬಸ್ಸಿನಲ್ಲಿ ಹೋಗುವಾಗ ಮಕ್ಕಳು ಫಲಕಗಳನ್ನು ಓದಲಿ. ಗುಡಿಬಂಡೆಯ ಮಕ್ಕಳು ಹಿಂದೂಪುರಕ್ಕೆ ಹೋಗುವ ಬಸ್ಸಿನ ತೆಲುಗು ಫಲಕವನ್ನು, ಲಿಪಿ ಕನ್ನಡಕ್ಕೆ ಸಮೀಪವಾದುದರಿಂದ, ಬೇಗನೆ ಓದುತ್ತಾರೆ. ನಿಮ್ಮ ಮಕ್ಕಳು ಮಲಯಾಳದಂತಹ ತೀರ ಬೇರೆಯಾದ ಲಿಪಿಯನ್ನೇ ಓದಿ ದಾರಿ ತಿಳಿಯುತ್ತಾರೆ. ಇಷ್ಟು ಮಾಡಬಲ್ಲವರಿಗೆ ಇಂಗ್ಲಿಷಿನ 26 ಅಕ್ಷರಗಳು ಯಾವ ಲೆಕ್ಕ?

'ದೇಶ ಸುತ್ತು, ಕೋಶ ಓದು' ಎಂದರು ಹಿರಿಯರು. ಇಂಗ್ಲಿಷ್–ಕನ್ನಡ ಶಬ್ದಕೋಶದ ಕತೆ ನಮ್ಮೆರಡೂ ಸೀಮೆಗಳಿಗೆ ಹತ್ತಿರದ್ದು. ಬಳ್ಳಾರಿಯಲ್ಲಿದ್ದ ಲಂಡನ್ ಮಿಶನ್ನಿನ ವಿಲಿಯಂ ರೀವ್ ಎಂಬ ಪಾದ್ರಿಗಳು ಇಂಗ್ಲಿಷ್–ಕನ್ನಡ ಕೋಶವನ್ನು 1824ರಲ್ಲಿ, ಕನ್ನಡ–ಇಂಗ್ಲಿಷ್ ಕೋಶವನ್ನು 1832ರಲ್ಲಿ ಮದರಾಸಿನಲ್ಲಿ ಮುದ್ರಿಸಿದರು. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರೆಯಾದದ್ದು 1882ರಲ್ಲಿ. ಹಾಗಾಗಿ ರೀವ್ ಅವರು ಶಬ್ದ ಸಂಗ್ರಹಿಸಿದ್ದು ನಮ್ಮ ಹಳೆಯ ಜಿಲ್ಲೆಯಲ್ಲೇ. 1894ರಲ್ಲಿ ರೆವರೆಂಡ್ ಫರ್ಡಿನಂಡ್ ಕಿಟೆಲರ ಕನ್ನಡ–ಇಂಗ್ಲಿಷ್ ಮಹಾಕೋಶ ಹೊರಬಂದದ್ದು ನಿಮ್ಮ ಪಕ್ಕದ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ. ಪರದೇಶದವರು ನಮ್ಮ ಭಾಷೆಯನ್ನು ಶಬ್ದ ಶಬ್ದವಾಗಿ, ಚೀಟಿ ಚೀಟಿಯಾಗಿ ಕೂಡಿಟ್ಟು ಕಲಿತರು. ಅವರ ಭಾಷೆಯನ್ನು ನಾವು ಕಲಿಯಲು ಬೇಕಾದುದೂ ಅದೇ ತಾಳ್ಮೆ.

ಶಾಲೆಯೊಂದೇ ದಾರಿಯಲ್ಲ ಎಂಬುದಕ್ಕೆ ಮಂಜೇಶ್ವರದ ಗೋವಿಂದ ಪೈಗಳಿಗಿಂತ ಬೇರೆ ನಿದರ್ಶನ ನಿಮಗೆ ಬೇಕಿಲ್ಲ. 1883ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡ ಪೈಗಳು ಮದರಾಸಿನಲ್ಲಿ ಬಿ.ಎ. ಓದುತ್ತಿದ್ದವರು ಪದವಿ ಮುಗಿಸದೆಯೇ ಊರಿಗೆ ಮರಳಬೇಕಾಯಿತು. ಆಮೇಲೆ ಮನೆಯಲ್ಲೇ ಕುಳಿತು ದೇಶವಿದೇಶಗಳ ಹಲವು ಭಾಷೆಗಳನ್ನು ಸ್ವಂತ ದುಡಿಮೆಯಿಂದ ಕಲಿತರು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದ್ದು ಕನ್ನಡದ ಕೆಲಸಕ್ಕಾಗಿ. ಹಲವು ಭಾಷೆ ಕಲಿತದ್ದರಿಂದ ಅವರ ಕನ್ನಡ ಬಡವಾಗಲಿಲ್ಲ.

ಇಂಗ್ಲಿಷ್ ಬಾರದ ಮನೆಯಲ್ಲಿ

'ನಮಗೇ ಇಂಗ್ಲಿಷ್ ಬಾರದು, ಮಕ್ಕಳಿಗೆ ಹೇಳಿಕೊಡುವುದು ಹೇಗೆ?' ಎಂದು ತಾಯಂದಿರು ಕೇಳುತ್ತಾರೆ. ಹೇಳಿಕೊಡಬೇಕಾಗಿಲ್ಲಮ್ಮಾ, ಕೇಳಿದರೆ ಸಾಕು. ಚೀಟಿಯ ಕನ್ನಡದ ಮಗ್ಗುಲನ್ನು ನೀವು ಓದಿ. ಮಗು ಇಂಗ್ಲಿಷಿನಲ್ಲಿ ಹೇಳಲಿ, ತಾನೇ ತಿರುಗಿಸಿ ನೋಡಲಿ. ಅಡಿಕೆ ಸುಲಿಯುತ್ತಲೋ, ಕಡಲೆಕಾಯಿ ಬಿಡಿಸುತ್ತಲೋ ಇದನ್ನು ಮಾಡಬಹುದು. ನಿಮಗೂ ದಿನಕ್ಕೆ ಒಂದೆರಡು ಶಬ್ದ ಸಿಕ್ಕಿದರೆ ನಷ್ಟವೇನು? ಅಣ್ಣ ತಮ್ಮನನ್ನು, ಅಕ್ಕ ತಂಗಿಯನ್ನು ಕೇಳಲಿ. ಈಗ ಮನೆಮನೆಗೂ ಬಂದಿರುವ ಮೊಬೈಲಿನಲ್ಲಿ ಶಬ್ದದ ಉಚ್ಚಾರವನ್ನು ಕಿವಿಯಾರೆ ಕೇಳುವ ಸೌಕರ್ಯವಿದೆ. ಅದಕ್ಕಾಗಿ ಐದು ನಿಮಿಷ ಕೊಟ್ಟು ಮರಳಿ ತೆಗೆದಿರಿಸಿ. ಚೀಟಿಯ ಕೆಲಸವನ್ನು ಮಾತ್ರ ಮಗು ತನ್ನ ಕೈಯಿಂದಲೇ ಮಾಡಲಿ. ಕೈ ಬರೆದದ್ದು ತಲೆಯಲ್ಲಿ ನಿಲ್ಲುತ್ತದೆ.

ಉಪಾಧ್ಯಾಯ ಮಿತ್ರರಲ್ಲೂ ನಮ್ಮದೊಂದು ಬಿನ್ನಹ. ಬೆಳಗಿನ ಪ್ರಾರ್ಥನೆಯ ಬಳಿಕ ಕರಿಹಲಗೆಯ ಮೂಲೆಯಲ್ಲಿ ಐದು ಶಬ್ದಗಳನ್ನು ಬರೆಯಿರಿ. ಸಂಜೆ ಗಂಟೆ ಹೊಡೆಯುವ ಮುಂಚೆ ನಿನ್ನೆಯ ಐದನ್ನೂ ಕಳೆದ ವಾರದ ಐದನ್ನೂ ಕೇಳಿರಿ. ಬಾರದವನಿಗೆ ಪೆಟ್ಟು ಬೇಡ, ಚೀಟಿ ಮೊದಲ ಮನೆಗೆ ಹೋಗುವುದೇ ಸಾಕಷ್ಟು ದಂಡನೆ.

ಯಾಕಿಷ್ಟು ಕಾಳಜಿ?

ಇದು ಕೇವಲ ಇಂಗ್ಲಿಷಿನ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲೇ ಪಾಠ ದೊರೆಯುವಂತೆ ರಾಜ್ಯಗಳು ವ್ಯವಸ್ಥೆ ಮಾಡಲು ಯತ್ನಿಸಬೇಕೆಂದು 1956ರ ಏಳನೆಯ ತಿದ್ದುಪಡಿ ಸಂವಿಧಾನಕ್ಕೆ 350ಎ ಎಂಬ ವಿಧಿಯನ್ನು ಸೇರಿಸಿತು. ಆಂಧ್ರದಲ್ಲಿ 2019ರ ನವೆಂಬರಿನಲ್ಲಿ ಸರಕಾರಿ ಶಾಲೆಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ತಿರುಗಿಸುವ ಆದೇಶಗಳು ಹೊರಟವು. 2020ರ ಏಪ್ರಿಲಿನಲ್ಲಿ ಹೈಕೋರ್ಟು ಅವನ್ನು ರದ್ದುಪಡಿಸಿತು. ಕಾನೂನು ಒಂದು ಮಟ್ಟದ ತನಕ ಕಾಯುತ್ತದೆ. ಆದರೆ ತರಗತಿಯಲ್ಲಿ ಮಕ್ಕಳೇ ಇಲ್ಲದಿದ್ದರೆ ಯಾವ ವಿಧಿ, ಯಾವ ತೀರ್ಪು ಶಾಲೆಯನ್ನು ಉಳಿಸೀತು? ಮಕ್ಕಳು ಕಡಿಮೆಯಾದರೆ ತರಗತಿ ಹೋಗುತ್ತದೆ, ತರಗತಿ ಹೋದರೆ ಅಧ್ಯಾಪಕರ ಹುದ್ದೆ ಹೋಗುತ್ತದೆ. ಒಮ್ಮೆ ಮುಚ್ಚಿದ ಕನ್ನಡ ತರಗತಿ ಮತ್ತೆ ತೆರೆದ ಉದಾಹರಣೆಗಳು ಅಪರೂಪ.

ಹೆತ್ತವರು ಕನ್ನಡವನ್ನು ದ್ವೇಷಿಸಿ ಮಕ್ಕಳನ್ನು ಬೇರೆಡೆಗೆ ಕಳಿಸುತ್ತಿಲ್ಲ. ಮಗನಿಗೆ ನಾಳೆ ಕೆಲಸ ಸಿಕ್ಕೀತೋ ಇಲ್ಲವೋ ಎಂಬ ಭಯದಿಂದ ಕಳಿಸುತ್ತಿದ್ದಾರೆ. ಆ ಭಯವನ್ನು ಭಾಷಾಭಿಮಾನದ ಭಾಷಣದಿಂದ ಕಳೆಯಲಾಗದು. ಕನ್ನಡ ಶಾಲೆಯ ಹುಡುಗಿಯೊಬ್ಬಳು ಬ್ಯಾಂಕಿನ ಇಂಗ್ಲಿಷ್ ಅರ್ಜಿಯನ್ನು ತಾನೇ ಓದಿ, ಅಜ್ಜನಿಗೆ ಅರ್ಥ ಹೇಳಿ, ತುಂಬಿಸಿ ಕೊಡುವುದನ್ನು ಊರವರು ಕಣ್ಣಾರೆ ಕಂಡರೆ ಮಾತ್ರ ಆ ಭಯ ಹೋದೀತು. ಗುಡಿಬಂಡೆಯಲ್ಲೂ ಬದಿಯಡ್ಕದಲ್ಲೂ ಅಂಥ ಮಕ್ಕಳು ತಯಾರಾಗಬೇಕು.

ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳ ಕಟ್ಟು ಇದ್ದೇ ಇರುತ್ತದೆ. ಇಂದು ರಾತ್ರಿ ಊಟವಾದ ಮೇಲೆ ಅದನ್ನು ಕೆಳಗಿಳಿಸಿ, ಒಂದು ಕತ್ತರಿಯನ್ನೂ ಪೆನ್ನನ್ನೂ ಮಗುವಿನ ಕೈಗೆ ಕೊಡಿ. ಮೊದಲ ಐದು ಶಬ್ದಗಳನ್ನು ಹುಡುಕಲು ಎಲ್ಲಿಗೂ ಹೋಗಬೇಕಾಗಿಲ್ಲ, ಅಡಿಗೆಮನೆಯಿಂದಲೇ ಆರಂಭಿಸಬಹುದು.